ಮೇಣದ ಮೇಲಿನ ಹಲ್ಲಿನ ಗುರುತು

ಜಾತಿಗೊಂದು ಬಗೆಯ ಹಲ್ಲು ಇರುತ್ತದೆಂದು ತೋರಿಸಲು ಹೊರಟಿದ್ದ ಬಿಳಿಯ ಡಾಕ್ಟರೊಬ್ಬರ ಕೈಕೆಳಗೆ ಕೆಲಕಾಲ ಇದ್ದೆ. ಬಿಸಿನೀರಿನಲ್ಲಿ ಮೆತ್ತಗಾದ ಮೇಣದ ಬಿಲ್ಲೆಯನ್ನು ಊರೂರಿನ ಜನರಿಂದ ಕಚ್ಚಿಸಿ ತರುವುದು ನನ್ನ ಕೆಲಸ. ನನ್ನ ಪೆಟ್ಟಿಗೆ ಕಂಡರೆ ಸಾಕು, ಜನ ಬಾಯಿಗೆ ಸೆರಗು, ಟವಲು ಅಡ್ಡ ಹಿಡಿಯುತ್ತಿದ್ದರು.

ವಿರೂಪಾಕ್ಷಿಪುರದಲ್ಲಿ ಒಕ್ಕಲಿಗರ ಮುದುಕಿಯೊಬ್ಬಳು ಧೈರ್ಯ ಮಾಡಿ ಬಂದಳು. ಬಂದವಳು ಪೆಟ್ಟಿಗೆಯಲ್ಲಿದ್ದ ಹಳೆಯ ಬಿಲ್ಲೆಯೊಂದನ್ನು ಎತ್ತಿಕೊಂಡು ಅಲ್ಲೇ ಕೂತಳು. ಅದರಲ್ಲಿ ಮುಂದಿನ ಹಲ್ಲುಗಳ ಪಕ್ಕಕ್ಕೆ ಅಕ್ಕಿಕಾಳಿನಂಥ ಒಂದು ಹೆಚ್ಚಿನ ಚೂಪು ಹಲ್ಲಿನ ಗುರುತಿತ್ತು.

“ನನ್ ಮಗಂದು ಕಣ್ ಸ್ವಾಮಿ ಇದು. ಅವನು ಕಚ್ಚಿ ಬುಟ್ಟ ಸೀಬೆಕಾಯ್ನಾಗೆ ಹಿಂಗೇ ಇರ್ತಿತ್ತು. ಪಿಲೇಗು ಅಂತ ಊರಾಚೆ ಗುಡ್ಲಿಗೆ ಒಯ್ದ್ರು, ಹೆಣನೂ ತೋರಿಸ್ನಿಲ್ಲ. ಬದುಕವ್ನಾ?”

ಅದು ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ಸಾಬರೊಬ್ಬರು ಕಚ್ಚಿಕೊಟ್ಟ ಬಿಲ್ಲೆ. ಹೇಳದೆ ವಿಧಿಯಿರಲಿಲ್ಲ, ಹೇಳಿದೆ.

ಮುದುಕಿ ಆ ಗುರುತಿನ ಮೇಲೆ ಬೆರಳಾಡಿಸಿದಳು.

“ಆವಯ್ಯನ ಅವ್ವ ಅವ್ಳಾ?”

“ಗೊತ್ತಿಲ್ಲ ತಾಯಿ.”

“ಇದ್ರೆ ಮಗನ್ನ ಜೋಪಾನ ಮಾಡ್ಕೋ ಅಂತ ಯೋಳು.”

ಬಿಲ್ಲೆಯನ್ನು ಪೆಟ್ಟಿಗೆಯಲ್ಲಿಟ್ಟು, ತಾನು ಕಚ್ಚದೆಯೇ ಎದ್ದು ಹೋದಳು.

ಸಂಜೆ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಅವರು ಮುಖ ಸಿಂಡರಿಸಿದರು. ಎರಡು ಜಾತಿಯಲ್ಲೂ ಸಿಕ್ಕುವ ಹಲ್ಲು ಯಾವ ಕೆಲಸಕ್ಕೂ ಬರುವುದಿಲ್ಲವಂತೆ, ಬಿಲ್ಲೆಯನ್ನು ಕರಗಿಸಿಬಿಡಬೇಕಂತೆ. ಕರಗಿಸಿದೆ. ಮರುದಿನ ಆ ಮೇಣವನ್ನು ಮಾಗಡಿಯಲ್ಲಿ ಇನ್ಯಾರೋ ಕಚ್ಚಿದರು.