ಸಿಕ್ಕು ಬಿಡಿಸಿದ ಲೇಸು

ದೊಡ್ಡಬಳ್ಳಾಪುರದಲ್ಲಿ ಗೋಡೆಗೆ ಒರಗಿ ಕೂತರೆ ಗೋಡೆ ನಡುಗುತ್ತದೆ. ಬಂದ ದಿನ ಭೂಕಂಪವೆಂದು ಬೀದಿಗೆ ಓಡಿದ್ದೆ, ಬೀದಿಯೆಲ್ಲ ನಕ್ಕಿತು. ಗೋಡೆಯಾಚೆ ಓಡುತ್ತಿದ್ದುದು ಮನೆ ಓನರ್ ರತ್ನಮ್ಮನ ಕರೆಂಟಿನ ಮಗ್ಗಗಳು. ಮಂಗಳೂರಿನ ನಮ್ಮ ಮನೆಯಲ್ಲಿ ಹಿತ್ತಲಲ್ಲಿ ತೆಂಗಿನ ಗರಿ ಬಿದ್ದರೂ ಕೇಳುತ್ತಿತ್ತು.

ಗಾರ್ಮೆಂಟ್ಸ್ ಕೆಲಸಕ್ಕೆಂದು ಬರುವಾಗ ಒಂದು ಬಿಸ್ಕತ್ತಿನ ಡಬ್ಬಿ ತಂದಿದ್ದೆ. ಅದರೊಳಗೆ ಹುಲ್ಲು ಬಿಗಿದ ಪುಟ್ಟ ದಿಂಬು, ಗುಂಡುಸೂಜಿ, ದಾರ ಸುತ್ತಿದ ಮರದ ಬಾಬಿನ್‌ಗಳು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಲೇಸು ಇದು: ದಿಂಬಿಗೆ ಸೂಜಿ ಚುಚ್ಚುತ್ತ, ಎಳೆಗಳನ್ನು ಒಂದರ ಮೇಲೊಂದು ದಾಟಿಸುತ್ತ ಹೆಣೆಯಬೇಕು. ಊರಿನಲ್ಲಿ ದೊಡ್ಡ ದಿಂಬು ಸ್ಟೂಲಿನ ಮೇಲೆ ಕೂತಿರುತ್ತದೆ, ಅಲುಗಿಸುವಂತಿಲ್ಲ. ಈ ಡಬ್ಬಿಯಾದರೆ ಊಟದ ಬಿಡುವಿನಲ್ಲೂ ತೊಡೆಯ ಮೇಲಿಟ್ಟುಕೊಳ್ಳಬಹುದು. ತಂಗಿಯ ಮದುವೆಯ ಮುಸುಕಿಗೆ ಅಂಚು ಹೆಣೆಯುತ್ತಿದ್ದೆ. ಇನ್ನು ನಾಲ್ಕು ಬೆರಳು ಬಾಕಿಯಿತ್ತು.

ಒಂದು ದಿನ ಡಬ್ಬಿ ಮನೆಯಲ್ಲೇ ಬಿಟ್ಟು, ನೀರು ಬಂದರೆ ಹಿಡಿಯಿರಿ ಎಂದು ಬೀಗದ ಕೈಯನ್ನು ರತ್ನಮ್ಮನಿಗೆ ಕೊಟ್ಟು ಹೋದೆ. ಸಂಜೆ ಬಂದು ನೋಡಿದರೆ ದಿಂಬು ಬೋಳು. ಸೂಜಿಗಳೆಲ್ಲ ಬಟ್ಟಲಲ್ಲಿ. ಗೇಣುದ್ದ ಲೇಸು ಬಿಚ್ಚಿಹೋಗಿ, ಎಳೆಗಳು ಮಗ್ಗದ ಹಾಸಿನಂತೆ ನೆಟ್ಟಗೆ ಮಲಗಿದ್ದವು.

"ಎಲ್ಲಾ ಸಿಕ್ಕಾಗೋಗಿತ್ತು ಕಣಮ್ಮ. ಮಧ್ಯಾಹ್ನದಿಂದ ಕೂತ್ಕೊಂಡು ಬಿಡ್ಸಿದೀನಿ, ಕಣ್ಣೇ ಹೋಯ್ತು," ಎಂದರು ರತ್ನಮ್ಮ.

ನೇಯುವವರ ಮನೆಯಲ್ಲಿ ಎಳೆಯ ಮೇಲೆ ಎಳೆ ಹತ್ತಿ ಸುತ್ತಿಕೊಂಡರೆ ಅದು ಸಿಕ್ಕು, ಬಿಡಿಸದೆ ಏಳುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ನಿಮಗೆ ಮಂಡೆ ಸಮ ಉಂಟಾ? ಕೇಳದೆ ಯಾಕೆ ಮುಟ್ಟಿದ್ದು?"

"ಒಳ್ಳೇದು ಮಾಡಕ್ ಬಂದ್ರೆ ನನ್ಗೇ ಬೈತೀಯಲ್ಲಮ್ಮ," ಎಂದು ಅತ್ತರು. ಅದಕ್ಕೂ ಸಿಟ್ಟು ಬಂತು. ಅಳಬೇಕಾದವಳು ನಾನು.

ಊರಿಗೆ ಫೋನ್ ಮಾಡಿದೆ. ಅಮ್ಮ ತಣ್ಣಗೆ ಹೇಳಿದಳು, "ಅಂಗಡಿಯಲ್ಲಿ ಮೀಟರಿನಲ್ಲಿ ಸಿಗ್ತದೆ ಮಾರಾಯ್ತಿ, ಅದನ್ನೇ ಹೊಲಿಸುವ. ಯಾರು ನೋಡ್ತಾರೆ?"

ಬೇಡ, ನಾನೇ ಮುಗಿಸಿ ತರುತ್ತೇನೆ ಎಂದು ಫೋನಿಟ್ಟೆ. ರತ್ನಮ್ಮ ಬಾಗಿಲಲ್ಲೇ ನಿಂತಿದ್ದರು. ಅಮ್ಮ ಹೇಳಿದ್ದನ್ನು ಹೇಳಿದೆ.

"ಅಂಗ್ಡೀದಾ? ಮದ್ವೆ ಹೆಣ್ಗಾ?" ಅವರ ದನಿ ನನ್ನದಕ್ಕಿಂತ ಏರಿತು. "ಹಾಳು ಮಾಡಿದ್ದು ನಾನು, ಎಷ್ಟು ಬೇಕೋ ಬೈಯಿ. ಆದ್ರೆ ನೀನು ಹೆಣಿ. ಹೊಟ್ಟೆಗೆ ನಾನು ನೋಡ್ಕೋತೀನಿ."

ರಜೆ ಹಾಕಿ ಕೂತೆ. ಹೊತ್ತು ಹೊತ್ತಿಗೆ ಮುದ್ದೆ, ಸೊಪ್ಪಿನ ಸಾರು ಬಂತು. ನನಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ಸಿಟ್ಟಿನಲ್ಲೇ ನುಂಗಿದೆ. ಲೇಸು ಮುಗಿಯಿತು.

ಊರಿಗೆ ಹೋದರೆ ಮುಸುಕಿಗೆ ಆಗಲೇ ಅಂಗಡಿಯ ಲೇಸು ಹೊಲಿಸಿಟ್ಟಿದ್ದರು. "ನಿನ್ನನ್ನು ನಂಬಿ ಕೂರುವುದು ಹೇಗೆ?" ಎಂದಳು ಅಮ್ಮ. ತಂಗಿ ಅದನ್ನೇ ಹೊದ್ದು ಮದುವೆಯಾದಳು. ಮರುದಿನವೇ ಬಸ್ಸು ಹತ್ತಿದೆ.

ರತ್ನಮ್ಮ ಗೇಟಿನಲ್ಲೇ ಹಿಡಿದರು. "ಲೇಸು ನೋಡಿ ಏನಂದ್ರಮ್ಮ ನಿಮ್ಮೋರು?"

ಲೇಸು ಬ್ಯಾಗಿನಲ್ಲೇ ಇತ್ತು. "ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು," ಎಂದೆ.

"ಸದ್ಯ. ಈವಾಗ ನಂಗೆ ನಿದ್ದೆ ಬರುತ್ತೆ," ಎಂದು ಒಳಗೆ ಹೋದರು.

ನನಗೆ ಬರುತ್ತಿಲ್ಲ, ಮಂಗಳೂರಿನ ನನ್ನವರೇ. ನಿಮ್ಮ ಮಾನ ಉಳಿಸಲು ಆ ಹೆಂಗಸಿನ ಮುಖ ನೋಡಿಕೊಂಡು ನಾನು ಸುಳ್ಳು ಹೇಳಬೇಕಾಯಿತು.