ಲಾಭೋ ಲಾಭ, ಎರಡೋ ಎರಡು

ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಈರಣ್ಣ ಒಂದು ಮುಷ್ಟಿ ಕಡಲೆಯನ್ನು ಮೂಗಿಗೆ ಹಿಡಿದಿದ್ದರು. ಒಮ್ಮೆ ಮೂಸಿದರು. ಕೈ ಬದಲಿಸಿ ಇನ್ನೊಮ್ಮೆ ಮೂಸಿದರು.

"ವಾಸನಿ ಬರವಲ್ದು," ಅಂದರು.

ನನ್ನ ಗಂಡ ಈರಣ್ಣ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರಿ. ಯಾವ ಚೀಲ ಮಳೆಗೆ ನೆನೆದಿದೆ, ಯಾವುದಕ್ಕೆ ನುಸಿ ಹತ್ತಲಿದೆ ಎಂದು ಮೂಗಿನಿಂದಲೇ ಹೇಳುವ ಮನುಷ್ಯ. ನಾನು ಡಾಕ್ಟರ್. ಆ ಎರಡು ಶಬ್ದ ಕೇಳಿದ ಕೂಡಲೇ ಚಹಾದ ಲೋಟ ಕೆಳಗಿಟ್ಟು ಮಾಸ್ಕ್ ಹಾಕಿಕೊಂಡೆ. ನಮ್ಮದೇ ಅಡುಗೆಮನೆಯಲ್ಲಿ, ನನ್ನ ಗಂಡನ ಎದುರು.

ಅವರಿಗೆ ತಿಳಿಯಿತು. ಕಡಲೆಯನ್ನು ಡಬ್ಬಿಗೆ ಸುರಿಯಲು ಹೋದವರು ಕೈ ತಡೆದು, ಮೊರಕ್ಕೆ ಸುರಿದು, ಮೊರವನ್ನು ದೂರ ಸರಿಸಿದರು.

ಅದು ಎರಡನೇ ಅಲೆಯ ಲಾಕ್‌ಡೌನ್. ಗೋಪನಕೊಪ್ಪದಲ್ಲಿ ಕೆಳಗೆ ನನ್ನ ಕ್ಲಿನಿಕ್, ಮೇಲೆ ನಮ್ಮ ಮನೆ. ಮಾರುಕಟ್ಟೆ ಬೆಳಿಗ್ಗೆ ನಾಲ್ಕು ತಾಸು ಮಾತ್ರ ತೆರೆಯುತ್ತಿತ್ತು, ಈರಣ್ಣ ಅಷ್ಟಕ್ಕೇ ಹೋಗಿ ಬರುತ್ತಿದ್ದರು. ಕ್ಲಿನಿಕ್ ಮುಂದೆ ಸುಣ್ಣದ ದುಂಡು ಗೆರೆ ಎಳೆದು ಒಂದೊಂದರಲ್ಲಿ ಒಬ್ಬರನ್ನು ನಿಲ್ಲಿಸಿದ್ದೆವು. ನಿಲ್ಲಿಸುವವಳು ರೇಣವ್ವ, ಇಪ್ಪತ್ತು ವರ್ಷದಿಂದ ನನ್ನ ಜೊತೆಗಿರುವ ನರ್ಸ್. ಅವಳ ಗದರಿಕೆಗೆ ಗಂಡಸರೂ ಗೆರೆ ದಾಟುತ್ತಿರಲಿಲ್ಲ. ಗೆರೆಯೊಳಗೆ ನಿಂತವರು ದಿನದಿನಕ್ಕೆ ಹೆಚ್ಚಾದರು. ಕೆಮ್ಮು ಬಂದರೆ ಮುಖ ಗೋಡೆಗೆ ತಿರುಗಿಸಿ ಕೆಮ್ಮುತ್ತಿದ್ದರು. ರಸ್ತೆಯಲ್ಲಿ ಬೇರೆ ಸಪ್ಪಳವೇ ಇರುತ್ತಿರಲಿಲ್ಲವಾದ್ದರಿಂದ ಆ ಕೆಮ್ಮು ನನಗೆ ಒಳಗೆ ಕೂತರೂ ಎಣಿಸುವ ಹಾಗೆ ಕೇಳುತ್ತಿತ್ತು.

ಹತ್ತು ಗಂಟೆಯ ಮೇಲೆ ಫೋನು. ಮನೆಯಲ್ಲೇ ಮಲಗಿದ್ದ ಪೇಶಂಟುಗಳ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಮಾಡುತ್ತಿದ್ದೆ. ಇಲ್ಲಿಯೇ ನಾನು ತಪ್ಪಿದ್ದು.

ಈರಣ್ಣನ ಮೂಗು ಹೋಗುವುದಕ್ಕೆ ನಾಲ್ಕು ದಿನ ಮೊದಲು, ಎದುರುಮನೆಯ ಹಣಮಂತ ಮಾಸ್ತರರಿಗೆ ಫೋನ್ ಮಾಡಿದೆ. ನಿವೃತ್ತ ಮಾಸ್ತರರು, ಜ್ವರ ಬಂದು ಆರನೇ ದಿನ.

"ಆರಾಮ್ರಿ, ಮಾಸ್ತರ?"

"ಆರಾಮ್ರಿ ಡಾಕ್ಟ್ರ. ನೀವು ಆರಾಮ್ರಿ?"

"ಆರಾಮ್ರಿ," ಎಂದು ಹೇಳಿ ಹೆಸರಿನ ಮುಂದೆ ಟಿಕ್ ಹಾಕಿದೆ.

ಸಂಜೆ ನಾಲ್ಕಕ್ಕೆ ಅವರನ್ನು ಆ್ಯಂಬುಲೆನ್ಸ್‌ಗೆ ಹತ್ತಿಸಿದರು. ಮರುದಿನ ಬೆಳಿಗ್ಗೆ ಸುದ್ದಿ ಬಂತು.

ನಮ್ಮ ಕಡೆ ಆರಾಮ್ರಿ ಅನ್ನುವುದು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ಕಾಲು ಮುರಿದುಕೊಂಡು ಬಂದವನೂ ಮೊದಲು ಆರಾಮ್ರಿ ಎಂದೇ ಕೂರುತ್ತಾನೆ, ಆಮೇಲೆ ಕಾಲು ತೋರಿಸುತ್ತಾನೆ. ಇದು ಗೊತ್ತಿದ್ದೂ, ಹುಟ್ಟಿದಾಗಿನಿಂದ ಇದೇ ಊರಿನ ನೀರು ಕುಡಿದೂ, ಒಬ್ಬ ಮನುಷ್ಯ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲು ನಾನು ಆ ಶಬ್ದವನ್ನೇ ಬಳಸಿದೆ. ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಅಂದಿನಿಂದ ಫೋನಿನಲ್ಲಿ ಆರಾಮ್ರಿ ಎಂದು ಕೇಳುವುದನ್ನು ಬಿಟ್ಟೆ. ಉಸಿರು ಪೂರ್ತಿ ಎಳೆದುಕೊಂಡು, ನಡುವೆ ಮತ್ತೆ ಎಳೆಯದೆ, ಒಂದರಿಂದ ಮೂವತ್ತರ ತನಕ ಜೋರಾಗಿ ಎಣಿಸಿ ಅಂತ ಹೇಳುತ್ತಿದ್ದೆ. ಹತ್ತರೊಳಗೆ ನಿಂತವರನ್ನು ಆಗಲೇ ಆಸ್ಪತ್ರೆಗೆ ಕಳಿಸುತ್ತಿದ್ದೆ. ಹಾಗೆ ಇಬ್ಬರನ್ನು ಕಳಿಸಿದೆ, ಇಬ್ಬರೂ ಉಳಿದರು. ಡಾಕ್ಟರಮ್ಮನಿಗೆ ಲೆಕ್ಕದ ಹುಚ್ಚು ಹಿಡಿದಿದೆ ಎಂದು ಓಣಿಯ ಜನ ಆಡಿಕೊಂಡರು. ಆಡಿಕೊಳ್ಳಲಿ.

ಈರಣ್ಣನನ್ನು ಮಹಡಿಯ ಮುಂದಿನ ಕೋಣೆಯಲ್ಲಿ ಮಲಗಿಸಿದೆ. ಊಟ ಬಾಗಿಲಲ್ಲಿ. ಟೆಸ್ಟ್ ಪಾಸಿಟಿವ್ ಬಂತು. ನಾನು ತಂದೆನೋ ಅವರು ತಂದರೋ ಎಂದು ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ನನ್ನ ಟೆಸ್ಟ್ ನೆಗೆಟಿವ್ ಇತ್ತು. ಸುತ್ತಲಿನ ಎರಡು ಕ್ಲಿನಿಕ್ ಬಾಗಿಲು ಹಾಕಿದ್ದವು, ಹಾಗಾಗಿ ನಾನು ಹಾಕಲಿಲ್ಲ. ಕೆಳಗಿನಿಂದ ದಿನಕ್ಕೆ ಮೂರು ಸಲ ಅವರಿಗೂ ಫೋನ್ ಮಾಡಿ ಎಣಿಸಲು ಹೇಳುತ್ತಿದ್ದೆ.

ಅವರು ಒಂದರಿಂದ ಶುರು ಮಾಡುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಕಾಳು ಅಳೆಯುವಾಗ ಮೊದಲನೆಯದನ್ನು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅದೂ ರಾಗವಾಗಿ, ಪ್ರತಿ ಸಂಖ್ಯೆಯನ್ನು ಎರಡೆರಡು ಸಲ.

"ಲಾಭೋ ಲಾಭ, ಎರಡೋ ಎರಡು, ಮೂರೋ ಮೂರು..."

ಸ್ಪೀಕರಿನಲ್ಲಿ ಕೇಳಿ ರೇಣವ್ವ ಮಾಸ್ಕಿನೊಳಗೇ ನಗುತ್ತಿದ್ದಳು. "ಸಾವ್ಕಾರ್ರು ಚೀಲ ಅಳ್ಯಾಕತ್ತಾರ ನೋಡ್ರಿ," ಅನ್ನುತ್ತಿದ್ದಳು. ಆ ದಿನಗಳಲ್ಲಿ ನಾವಿಬ್ಬರು ನಕ್ಕಿದ್ದು ಅಷ್ಟಕ್ಕೇ. ನೇರವಾಗಿ ಎಣಿಸಿ ಎಂದು ನಾನು ಒತ್ತಾಯ ಮಾಡಲಿಲ್ಲ. ಮೂವತ್ತರ ತನಕ ಎರಡೆರಡು ಸಲ ಹೇಳುವವನಿಗೆ ಉಸಿರು ಇನ್ನೂ ಹೆಚ್ಚೇ ಇರಬೇಕಲ್ಲ ಎಂದುಕೊಂಡೆ. ಓದಿದವಳ ಬುದ್ಧಿ.

ಐದನೇ ದಿನ ಮಾಸ್ತರರ ಹೆಂಡತಿ ಕಮಲಕ್ಕನಿಗೂ ಜ್ವರ ಬಂತು. ಕ್ಲಿನಿಕ್ಕಿನ ಎರಡು ಆಕ್ಸಿಮೀಟರುಗಳು ಬೇರೆ ಮನೆಗಳಲ್ಲಿದ್ದವು. ಅಂಗಡಿಗಳಲ್ಲಿ ಇರಲಿಲ್ಲ. ಇದ್ದದ್ದು ಈರಣ್ಣನ ಬೆರಳಿಗೆ ಹಾಕುವುದೊಂದೇ. ಅಂದು ಬೆಳಿಗ್ಗೆ ಅದು ತೊಂಬತ್ತೈದು ತೋರಿಸಿತ್ತು. ಬಾಗಿಲ ಹೊರಗೆ ನಿಂತು ವಿಷಯ ಹೇಳಿದೆ.

"ಒಯ್ಯಿ," ಅಂದರು. "ಆಕಿ ಗಂಡನ್ನ ಕಳಕೊಂಡಾಳ. ನನಗ ಯಾಕ ಬೇಕದು? ನಾ ಎಣಸ್ತೇನಲ್ಲ."

ಒಯ್ದೆ.

ಆಮೇಲಿನ ಎರಡು ದಿನ ಮೂವತ್ತು ತಪ್ಪಲಿಲ್ಲ. ಬೆಳಿಗ್ಗೆ ಮೂವತ್ತು, ಮಧ್ಯಾಹ್ನ ಮೂವತ್ತು, ಸಂಜೆ ಮೂವತ್ತು. ಜ್ವರ ಇಳಿದಿದೆ ಎಂದರು. ಊಟದ ತಾಟು ಅರ್ಧ ಉಳಿದು ಬರುತ್ತಿತ್ತು. ರುಚಿ ಇಲ್ಲ, ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಎದೆಯಲ್ಲಿ ಒಂದು ಕಳವಳ ಕೂತಿತ್ತು. ಅದು ಎಲ್ಲರ ಬಗ್ಗೆ ಇದ್ದ ಕಳವಳವೇ ಆದ್ದರಿಂದ ಇವರದ್ದನ್ನು ಬೇರೆ ಮಾಡಿ ನೋಡಲಿಲ್ಲ.

ಎಂಟನೇ ದಿನ ಬೆಳಿಗ್ಗೆ, ಕ್ಲಿನಿಕ್ ತೆರೆಯುವ ಮೊದಲು, ಒಗೆದ ಬಟ್ಟೆ ಇಡಲು ಮೇಲೆ ಹೋದೆ. ಮೆಟ್ಟಿಲು ಹತ್ತುತ್ತಲೇ ಫೋನ್ ಮಾಡಿದೆ, ಬಾಗಿಲಿಗೆ ಹೋಗುವಷ್ಟರಲ್ಲಿ ಎಣಿಕೆ ಮುಗಿಯುತ್ತದೆ ಎಂದು. ಕೋಣೆಯ ಬಾಗಿಲು ಗಾಳಿಗೆ ಗೇಣಷ್ಟು ತೆರೆದಿತ್ತು. ಅವರು ಮಂಚದ ಅಂಚಿಗೆ ಕೂತು, ಬೆನ್ನು ನನ್ನ ಕಡೆ ಮಾಡಿ, ಒಂದು ಕೈಯನ್ನು ಮೊಣಕಾಲಿಗೆ ಊರಿದ್ದರು.

"ಲಾಭೋ..." ಅಂದರು. ಫೋನನ್ನು ಬಾಯಿಂದ ಆಚೆ ಸರಿಸಿದರು. ಹೆಗಲು ಮೇಲೆದ್ದಿತು. ಫೋನನ್ನು ಹತ್ತಿರ ತಂದರು. "...ಲಾಭ."

"ಎರಡೋ..." ಫೋನ್ ಆಚೆ ಹೋಯಿತು. ಹೆಗಲು ಎದ್ದಿತು. "...ಎರಡು."

ನನ್ನ ಕಿವಿಗೆ ಹಿಡಿದ ಫೋನಿನಲ್ಲಿ ಅದು ಹಾಡಿನ ಹಾಗೆ ಕೇಳುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದದ್ದು ಬೇರೆ. ಒಂದೊಂದು ಸಂಖ್ಯೆಗೂ ಒಂದೊಂದು ಉಸಿರು ಕದಿಯುತ್ತ, ಮೂವತ್ತರ ತನಕ ಹೋದರು. ನಾನು ನಿಂತೇ ಇದ್ದೆ.

"ಆರಾಮ ಅದೀನಿ, ಸುಜಾ," ಎಂದು ಫೋನಿಗೆ ಹೇಳಿದರು. "ನೀ ಪೇಶಂಟ್ ನೋಡು ಹೋಗು."

ಮುಂದೆ ಹೋಗಿ ಕೈ ಹಿಡಿದು ನೋಡಿದೆ.

ಉಗುರು ನೀಲಿಯಾಗಿದ್ದವು.

"ಒಂದರಿಂದ ಎಣಸ್ರಿ. ನೆಟ್ಟಗ," ಅಂದೆ.

"ಒಂದು, ಎರಡು, ಮೂರು, ನಾಕು."

ಅಷ್ಟೇ. ಐದು ಬರಲಿಲ್ಲ.

"ಯಾರಿಗೆ ಮೋಸ ಮಾಡಾಕತ್ತಿದ್ರಿ ಎರಡು ದಿನದಿಂದ?" ನನ್ನ ದನಿ ಕೆಳಗಿನ ರಸ್ತೆಗೆ ಕೇಳಿಸಿರಬೇಕು. ನಾನು ಬೈಯುವ ಡಾಕ್ಟರ್ ಎಂದೇ ಹೆಸರಾದವಳು, ಆದರೆ ಹಾಗೆ ಯಾರನ್ನೂ ಬೈದಿರಲಿಲ್ಲ.

ಅವರು ಕಿಟಕಿ ತೋರಿಸಿದರು. ಮಾತು ತುಂಡುತುಂಡಾಗಿ ಬಂತು. "ಮಾಸ್ತರನ್ನ... ಹತ್ತಿಸಿದ್ದು ಇಲ್ಲಿಂದ ನೋಡೇನಿ. ಕೈ ಬೀಸಿದ್ರು ಅವರು. ತಿರಗಿ ಬರ್ಲಿಲ್ಲ." ಉಸಿರು ಎಳೆದುಕೊಂಡು ಅಂದರು, "ನನ್ನ ಒಯ್ದ್ರ ನೀ ದವಾಖಾನಿ ಬಂದ್ ಮಾಡ್ತಿದ್ದಿ. ಕೆಳಗ ನಿಂತ ಮಂದಿ ಎಲ್ಲಿ ಹೋಗ್ಬೇಕು?"

ನಾನು ಆಗಲೇ ಫೋನ್ ಹಚ್ಚುತ್ತಿದ್ದೆ. ನನ್ನ ಜೊತೆ ಓದಿದವಳೊಬ್ಬಳು ಒಂದು ಆಸ್ಪತ್ರೆಯಲ್ಲಿದ್ದಳು. ಕೂಡಲೇ ಕರಕೊಂಡು ಬಾ, ಬೆಡ್ ಬಗ್ಗೆ ಮಾತು ಕೊಡಲಾರೆ ಅಂದಳು. ರೇಣವ್ವ ಮತ್ತು ನಾನು ಸೇರಿ ಅವರನ್ನು ಮೆಟ್ಟಿಲಿಳಿಸಿ ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿದೆವು. ಸುಣ್ಣದ ಗೆರೆಗಳಲ್ಲಿ ಆಗಲೇ ಜನ ನಿಂತಿದ್ದರು. ಒಬ್ಬ ಮುದುಕ ಗೆರೆಯೊಳಗೇ ನಿಂತು ಕೈ ಮುಗಿದ.

"ಸಾವ್ಕಾರ್ರ, ಆರಾಮ್ರಿ?"

ಹಿಂದಿನ ಸೀಟಿನಿಂದ ಈರಣ್ಣ ಕೈ ಎತ್ತಿದರು. "ಆರಾಮ್ರಿ."

ಆಸ್ಪತ್ರೆಯಲ್ಲಿ ಬೆರಳಿಗೆ ಹಾಕಿದ ಮಿಷನ್ ಎಪ್ಪತ್ತನಾಲ್ಕು ತೋರಿಸಿತು. ಒಂದು ತಾಸು ಸ್ಟ್ರೆಚರಿನ ಮೇಲೆ ಸಿಲಿಂಡರ್ ಹಚ್ಚಿ ಇಟ್ಟರು. ಆಮೇಲೆ ಒಂದು ಬೆಡ್ ಖಾಲಿಯಾಯಿತು. ಅದು ಹೇಗೆ ಖಾಲಿಯಾಯಿತು ಎಂದು ನಾನು ಕೇಳಲಿಲ್ಲ, ಗೆಳತಿ ಹೇಳಲಿಲ್ಲ.

ಎರಡು ದಿನದಲ್ಲಿ ನನಗೂ ಪಾಸಿಟಿವ್ ಬಂತು, ಹಗುರ. ಕ್ಲಿನಿಕ್ ಬಂದಾಯಿತು. ಈರಣ್ಣ ಹೆದರಿದ್ದೇ ನಡೆಯಿತು. ಕಿಟಕಿಯಿಂದ ನೋಡಿದರೆ ಮೊದಲ ದಿನ ಸುಣ್ಣದ ಗೆರೆಗಳಲ್ಲಿ ಮೂವರು ನಿಂತಿದ್ದರು, ಬಾಗಿಲು ಹಾಕಿದ್ದು ಕಂಡರೂ. ಮರುದಿನ ಯಾರೂ ಇರಲಿಲ್ಲ. ಅವರೆಲ್ಲ ಎಲ್ಲಿ ಹೋದರೋ, ಪೂರ್ತಿ ನನಗೆ ಇವತ್ತಿಗೂ ಗೊತ್ತಿಲ್ಲ.

ಐಸಿಯುವಿನಿಂದ ದಿನಕ್ಕೊಂದು ಫೋನ್ ಬರುತ್ತಿತ್ತು. "ಸ್ಟೇಬಲ್ ಅದಾರ್ರಿ." ಈ ಶಬ್ದವನ್ನು ನಾನೇ ಎಷ್ಟು ಜನರಿಗೆ ಹೇಳಿಲ್ಲ. ಹೇಳುವಾಗ ಅದು ತುಂಬ ಅರ್ಥದ ಮಾತು ಅನ್ನಿಸುತ್ತಿತ್ತು. ಕೇಳುವ ಕಡೆ ಕೂತಾಗ ತಿಳಿಯಿತು, ಅದೂ ನಮ್ಮ ಆರಾಮ್ರಿಯ ತಂಗಿಯೇ. ಆ ಖಾಲಿ ಕೋಣೆಯ ಬಾಗಿಲಲ್ಲಿ ಕೂತು ನಾನು ನನ್ನ ಉಸಿರನ್ನೇ ಎಣಿಸುತ್ತಿದ್ದೆ, ಒಂದರಿಂದ, ನೆಟ್ಟಗೆ. ಮೂವತ್ತು ಮುಟ್ಟಿದಾಗಲೆಲ್ಲ ಅಳು ಬರುತ್ತಿತ್ತು. ನನಗೆ ಅಷ್ಟು ಗಾಳಿ ಯಾಕೆ ಬೇಕಿತ್ತು.

ಇಪ್ಪತ್ತಮೂರು ದಿನದ ಮೇಲೆ ಈರಣ್ಣನನ್ನು ಮನೆಗೆ ಕಳಿಸಿದರು. ಅರ್ಧ ಮನುಷ್ಯನಾಗಿದ್ದರು. ಜೊತೆಗೆ ಗುರ್ ಎನ್ನುವ ಒಂದು ಆಕ್ಸಿಜನ್ ಕಾನ್ಸಂಟ್ರೇಟರ್. ಮೆಟ್ಟಿಲು ಹತ್ತಲಾಗದೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮಲಗಿದರು. ಶ್ವಾಸಕೋಶ ಎಷ್ಟು ತಿರುಗಿ ಬರುತ್ತದೆ ಎಂದು ಯಾರೂ ಹೇಳಲಿಲ್ಲ. ನನಗೂ ಹೇಳಲು ಬರುವುದಿಲ್ಲ.

ಆ ವಾರವೇ ಕಮಲಕ್ಕ ಬಂದಳು. ಆಕೆ ಮನೆಯಲ್ಲೇ ಚೇತರಿಸಿಕೊಂಡಿದ್ದಳು. ಒಂದು ದಿನ ಎಂಬತ್ತೊಂಬತ್ತಕ್ಕೆ ಇಳಿದದ್ದನ್ನು ಅದೇ ಆಕ್ಸಿಮೀಟರಿನಲ್ಲಿ ನೋಡಿ, ಓಣಿಯವರು ಹೊತ್ತಿಗೆ ಸರಿಯಾಗಿ ಸಿಲಿಂಡರ್ ತಂದಿದ್ದರಂತೆ. ಆ ಆಕ್ಸಿಮೀಟರನ್ನು ಅರಿವೆಯಲ್ಲಿ ಸುತ್ತಿ ತಂದಿದ್ದಳು.

"ಇದು ಸಾವ್ಕಾರ್ರ ಬೆರಳಿಂದು ಅಂತ ರೇಣವ್ವ ಹೇಳಿದ್ಲ್ರಿ," ಅಂದಳು. "ಗೊತ್ತಿದ್ರ ಇಟ್ಕೊತಿದ್ದಿಲ್ರಿ ನಾ."

"ಅದಕ್ಕ ಹೇಳ್ಲಿಲ್ಲ," ಅಂದೆ. ಆಕೆ ಹೋಗುವಾಗ ಬಾಗಿಲಲ್ಲಿ ನಿಂತು ಆರಾಮ್ರಿ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೈ ಹಿಡಿದು ನಿಂತೆವು.

ಕ್ಲಿನಿಕ್ ಮತ್ತೆ ತೆರೆದಿದ್ದೇನೆ. ರೇಣವ್ವ ಗೆರೆಗಳಿಗೆ ಮತ್ತೆ ಸುಣ್ಣ ಎಳೆದಿದ್ದಾಳೆ. ಜನ ಕಡಿಮೆ, ಆದರೆ ಹೊರಗೆ ಯಾರಾದರೂ ಕೆಮ್ಮಿದರೆ ನನ್ನ ಕೈ ತಾನೇ ನಿಲ್ಲುತ್ತದೆ, ಹಿಂದಿನ ಕೋಣೆಯ ಮಿಷನ್ನಿನ ಸಪ್ಪಳ ಇದೆಯೇ ಎಂದು ಕಿವಿ ಹೋಗುತ್ತದೆ.

ಮೊನ್ನೆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅವರ ಹತ್ತಿರ ಹೋದೆ. ಕೇಳಬಾರದೆಂದುಕೊಂಡಿದ್ದರೂ ಹಳೇ ರೂಢಿ, ಬಾಯಿಗೆ ಬಂದುಬಿಟ್ಟಿತು.

"ಆರಾಮೇನ್ರಿ?"

ಈರಣ್ಣ ನನ್ನ ಮುಖ ನೋಡಿದರು. ಉಸಿರು ಎಳೆದುಕೊಂಡರು.

"ಒಂದು, ಎರಡು, ಮೂರು..." ರಾಗವಿಲ್ಲ, ನೆಟ್ಟಗೆ. ಹನ್ನೊಂದಕ್ಕೆ ನಿಂತು ಕೈ ಎತ್ತಿದರು. ಹಿಂದಿನ ದಿನ ಹದಿನಾಲ್ಕು ಆಗಿತ್ತು.

"ಇಲ್ಲ, ಸುಜಾ," ಅಂದರು. "ಇವತ್ತ ಆರಾಮ ಇಲ್ಲ."

ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಆ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಇನ್ನೂ ಬಾಗಿಲು ತೆಗೆಯಬೇಡ ಎಂದು ರೇಣವ್ವನಿಗೆ ಕೂಗಿ ಹೇಳಿ, ಅವರ ಪಕ್ಕದಲ್ಲಿ ಕೂತು, ಬೆರಳಿಗೆ ಆಕ್ಸಿಮೀಟರ್ ಹಾಕಿದೆ.