ರೂಮಿನ ತಾಪಮಾನ ಎಷ್ಟಿತ್ತು?

ನಮ್ಮ ಪಿಎಚ್‌ಡಿ ಗೈಡ್ ಮೇಡಂ ಅವರ ಎಡಗೈಯ ಎರಡು ಬೆರಳುಗಳ ಸುತ್ತ ಬಿಳಿಚಿಕೊಂಡ ಪಟ್ಟಿಗಳಿದ್ದವು. ಮೊದಲ ಸಲ ನೋಡಿದಾಗ, ಬಹಳ ಕಾಲ ಹಾಕಿಕೊಂಡಿದ್ದ ಉಂಗುರಗಳನ್ನು ತೆಗೆದಿಟ್ಟಿರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಸೆನ್ಸರ್ ಕಟ್ಟುವ ಜಾಗ. ದಿಗಿಲಾದಾಗ ಮನುಷ್ಯನ ಅಂಗೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅದನ್ನು ಅಳೆಯುವುದೇ ನಮ್ಮ ಲ್ಯಾಬಿನ ಕೆಲಸ. ಬೇರೆಯವರ ಬೆರಳಿಗೆ ಕಟ್ಟುವ ಮುಂಚೆ ಮೇಡಂ ಪ್ರತಿ ಸಲವೂ ತಮ್ಮ ಬೆರಳಿಗೇ ಕಟ್ಟಿಕೊಂಡು ನೋಡುತ್ತಿದ್ದರು. 'ನಮಗೆ ಚುಚ್ಚಿದ್ರೆ ಅವರಿಗೂ ಚುಚ್ಚುತ್ತೆ' ಅನ್ನುವುದು ಅವರ ಮಾತು. ಮಂಡಿ ನೋವು ಜಾಸ್ತಿಯಾಗಿ ಮೂರನೇ ಮಹಡಿಯ ಲ್ಯಾಬಿಗೆ ಹತ್ತುವುದನ್ನು ನಿಲ್ಲಿಸುವ ತನಕ ಇದು ನಡೆಯಿತು.

ಸಮ್ಮೇಳನಗಳಲ್ಲಿ ಅವರಿಗೆ ಹೆದರದವರಿರಲಿಲ್ಲ. ಎರಡನೇ ಸಾಲಿನ ತುದಿಯಲ್ಲಿ ಕೂತು, ಭಾಷಣ ಮುಗಿದ ಕೂಡಲೇ ಕೈ ಎತ್ತುತ್ತಿದ್ದರು. ಪ್ರಶ್ನೆ ಯಾವಾಗಲೂ ಒಂದೇ. 'ರೂಮಿನ ತಾಪಮಾನ ಎಷ್ಟಿತ್ತು?' ತಣ್ಣಗಿನ ಕೈ ಬೆವರುವುದಿಲ್ಲ. ಚಳಿಯ ಕೋಣೆಯಲ್ಲಿ ಕೂತ ಪುಕ್ಕಲನೂ ಯಂತ್ರದ ಕಣ್ಣಿಗೆ ಧೀರನಂತೆ ಕಾಣುತ್ತಾನೆ. ಬೇರೆ ಊರಿನ ಸಂಶೋಧಕನೊಬ್ಬ ಒಮ್ಮೆ ಈ ಪ್ರಶ್ನೆಗೆ ಉತ್ತರ ತೋಚದೆ ಮೈಕಿನ ಮುಂದೆ ಸುಮ್ಮನೆ ನಿಂತುಬಿಟ್ಟದ್ದನ್ನು ನಾನೇ ಕಂಡಿದ್ದೆ. ಮೇಡಂ ಅವನಿಗೆ ನೆರವಾಗಲಿಲ್ಲ. ಉತ್ತರಕ್ಕಾಗಿ ಕಾದರು, ಅಷ್ಟೆ.

ನನ್ನ ಸರದಿ ಬಂದದ್ದು ಫೆಲೋಶಿಪ್ ಮುಗಿಯುತ್ತಿದ್ದ ವರ್ಷ. ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ಅಪ್ಪ, 'ಇನ್ನೂ ಎಷ್ಟು ವರ್ಷ ಓದ್ತೀಯ ಮಗಾ?' ಎಂದು ಕೇಳುವುದನ್ನೂ ಬಿಟ್ಟಿದ್ದರು. ನನ್ನ ಪ್ರಯೋಗ ಸರಳವಾಗಿತ್ತು. ಕಾಲೇಜು ಹುಡುಗ ಹುಡುಗಿಯರಿಗೆ, 'ಇನ್ನು ಸ್ವಲ್ಪ ಹೊತ್ತಿಗೆ ನೀವು ಅಪರಿಚಿತರ ಮುಂದೆ ಭಾಷಣ ಮಾಡಬೇಕು' ಎಂದು ಹೇಳುವುದು. ಅವರಲ್ಲಿ ಅರ್ಧ ಜನರಿಗೆ ತಮ್ಮ ಭಯವನ್ನು ಕಾಗದದಲ್ಲಿ ಬರೆಯಲು ಕೊಡುವುದು, ಉಳಿದವರನ್ನು ಸುಮ್ಮನೆ ಕೂರಿಸುವುದು. ಬರೆದವರ ಅಂಗೈ ಎಷ್ಟೋ ಕಡಿಮೆ ಬೆವರಿತ್ತು. ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ, ಹೊರದೇಶದ ಪ್ರೊಫೆಸರ್ ಒಬ್ಬರು ಸಾರಾಂಶ ಓದಿ, ಸಮ್ಮೇಳನಕ್ಕೆ ಬಂದಾಗ ನನ್ನ ಭಾಷಣ ಕೇಳುವುದಾಗಿಯೂ, ತಮ್ಮ ಲ್ಯಾಬಿನಲ್ಲೊಂದು ಕೆಲಸದ ಬಗ್ಗೆ ಮಾತಾಡುವುದಾಗಿಯೂ ಬರೆದಿದ್ದರು.

ಸಮ್ಮೇಳನದ ಹಿಂದಿನ ದಿನ ಸಂಜೆ ಜಯನಗರದ ಮೇಡಂ ಮನೆಯಲ್ಲಿ ರಿಹರ್ಸಲ್. ಮೇಡಂ ಮದುವೆಯಾದವರಲ್ಲ. ದಾವಣಗೆರೆ ಕಡೆಯಿಂದ ಬಂದು, ಕಿವಿ ಮಂದವಾಗಿದ್ದ ಅಕ್ಕನ ಜೊತೆ ಇದ್ದರು. ಅಕ್ಕ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಸೊಪ್ಪು ಬಿಡಿಸುತ್ತಾ, ಒಂದು ಮಾತೂ ಕೇಳಿಸದಿದ್ದರೂ ನನ್ನ ಭಾಷಣಕ್ಕೆ ತಲೆದೂಗುತ್ತಿದ್ದರು. ಪ್ರಯೋಗದ ಫೋಟೋ ಇದ್ದ ಸ್ಲೈಡ್ ಬಂತು.

"ನಿಲ್ಸು," ಅಂದರು ಮೇಡಂ. "ಈ ಹುಡುಗಿ ಯಾಕೆ ಶಾಲು ಹೊದ್ಕೊಂಡಿದಾಳೆ?"

"ಆ ರೂಮಲ್ಲಿ ಏಸಿ ಮೇಡಂ."

"ಅದು ಕೆಟ್ಟಿತ್ತಲ್ಲ?"

"ರಿಪೇರಿ ಮಾಡಿಸಿದ್ರು. ಕಂಪ್ಯೂಟರ್ ಬಿಸಿಯಾಗುತ್ತೆ ಅಂತ."

"ಬರೀದೇ ಇರೋ ಗುಂಪು?"

"ಆಚೆ ರೂಮು. ಅಲ್ಲಿ ಫ್ಯಾನು..."

ವಾಕ್ಯ ಮುಗಿಸುವ ಮೊದಲೇ ನನಗೆ ಅರ್ಥವಾಯಿತು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಬರೆಯೋರಿಗೆ ದೊಡ್ಡ ಮೇಜು ಬೇಕು ಅಂತ ಆ ರೂಮು ಕೊಟ್ಟವಳು ನಾನು. ಆಮೇಲೆ ಮೇಲೆ ಬಂದು ನೋಡ್ಲೇ ಇಲ್ಲ," ಅಂದರು. "ಆಟೋ ಕರಿ."

ಲ್ಯಾಬಿನ ಕಟ್ಟಡದಲ್ಲಿ ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಅವರು ಮೂರು ಮಹಡಿ ಹತ್ತಿದರು. ಮೊದಲು ಫ್ಯಾನಿನ ಕೋಣೆಯಲ್ಲಿ ಕೂತು ತಾವೇ ಸೆನ್ಸರ್ ಕಟ್ಟಿಕೊಂಡರು. ಬೆನ್ನ ಹಿಂದೆ ನಿಂತು ನಾನು ಇದ್ದಕ್ಕಿದ್ದಂತೆ ಚಪ್ಪಾಳೆ ಹೊಡೆದೆ. ಪರದೆಯ ಮೇಲಿನ ಗೆರೆ ಗುಡ್ಡದ ಹಾಗೆ ಎದ್ದಿತು. ಆಮೇಲೆ ಏಸಿ ಕೋಣೆಯಲ್ಲಿ ಕೂತು, ಬೆರಳು ಚೆನ್ನಾಗಿ ತಣ್ಣಗಾಗುವ ತನಕ ಕಾದರು. ನಾನು ಮತ್ತೆ ಚಪ್ಪಾಳೆ ಹೊಡೆದೆ. ಅವರು ಬೆಚ್ಚಿದ್ದು ನನಗೆ ಕಂಡಿತು. ಗೆರೆ ಮಾತ್ರ ಒಂದಿಷ್ಟು ಅಲುಗಿ ಮಲಗಿಬಿಟ್ಟಿತು.

"ಇನ್ನೊಂದ್ಸಲ," ಅಂದರು. ಮತ್ತೆ ಅದೇ.

ನನಗೆ ಅಳು ಬಂತು. "ವಿಥ್‌ಡ್ರಾ ಮಾಡ್ಬಿಡೋಣ ಮೇಡಂ. ಹುಷಾರಿಲ್ಲ ಅಂತ ಮೇಲ್ ಹಾಕ್ತೀನಿ."

"ಸಾರಾಂಶ ಪ್ರಿಂಟ್ ಆಗಿದೆ. ನೀನು ಬರದಿದ್ರೆ ಅದು ಹಾಗೇ ಉಳಿಯುತ್ತೆ. ಯಾವುದೋ ಊರಲ್ಲಿ ಯಾರೋ ಮೇಷ್ಟ್ರು ಓದಿ, ಪರೀಕ್ಷೆ ದಿನ ಮಕ್ಕಳನ್ನ ಕೂರಿಸ್ಕೊಂಡು ಭಯ ಬರೆಸ್ತಾರೆ. ಅದರಿಂದ ಒಳ್ಳೇದಾಗುತ್ತೋ ಕೆಟ್ಟದ್ದಾಗುತ್ತೋ ನಿಂಗೆ ಗೊತ್ತಾ?"

"ಇಲ್ಲ."

"ನಂಗೂ ಗೊತ್ತಿಲ್ಲ. ಅದನ್ನೇ ಹೇಳು ನಾಳೆ."

ಸಮ್ಮೇಳನ ಜೆ.ಪಿ. ನಗರದ ಒಂದು ಸಭಾಂಗಣದಲ್ಲಿ. ಕತ್ತಿನ ಬ್ಯಾಡ್ಜು ಎದೆಬಡಿತಕ್ಕೆ ಅಲುಗುತ್ತಿದೆ ಅನ್ನಿಸುತ್ತಿತ್ತು. ನನ್ನ ಹೆಸರು ಕರೆದರು. ಹೊರದೇಶದ ಪ್ರೊಫೆಸರ್ ಮುಂದಿನ ಸಾಲಿನಲ್ಲಿ ಪೆನ್ನು ತೆರೆದು ಕೂತಿದ್ದರು. ಮೇಡಂ ಎರಡನೇ ಸಾಲಿನ ತುದಿಯಲ್ಲಿ, ಎಂದಿನ ಜಾಗದಲ್ಲಿ. ಮೊದಲು ಆ ಸುಂದರ ಫಲಿತಾಂಶವನ್ನು ತೋರಿಸಿದೆ. ಪ್ರೊಫೆಸರ್ ಬರೆದುಕೊಂಡರು. ನಂತರ ಶಾಲು ಹೊದ್ದ ಹುಡುಗಿಯ ಫೋಟೋ ಹಾಕಿ, 'ನಾನು ಈಗ ತೋರಿಸಿದ್ದನ್ನು ದಯವಿಟ್ಟು ನಂಬಬೇಡಿ' ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಎರಡು ಗೆರೆಗಳನ್ನು ಅಕ್ಕಪಕ್ಕ ತೋರಿಸಿದೆ. ಪ್ರೊಫೆಸರ್ ಪೆನ್ನಿನ ಕ್ಯಾಪ್ ಮುಚ್ಚಿದರು.

ಹಿಂದಿನಿಂದ ಒಬ್ಬ ಎದ್ದು ನಿಂತ. ಅಂದು ಮೈಕಿನ ಮುಂದೆ ಮಾತು ಕಳೆದುಕೊಂಡಿದ್ದವನೇ. ಈಗ ಅವನೂ ಪ್ರೊಫೆಸರ್. ಅವನು ನನ್ನತ್ತ ನೋಡಲಿಲ್ಲ. ಎರಡನೇ ಸಾಲಿನತ್ತ ತಿರುಗಿ, ನಿಧಾನವಾಗಿ, "ಮೇಡಂ, ರೂಮಿನ ತಾಪಮಾನ ಎಷ್ಟಿತ್ತು?" ಎಂದ.

ಸಭೆ ಗೊಳ್ಳೆಂದಿತು. ಎಷ್ಟು ವರ್ಷಗಳಿಂದ ಎಷ್ಟು ಜನ ಆ ನಗುವನ್ನು ಒಳಗೆ ಹಿಡಿದಿಟ್ಟುಕೊಂಡಿದ್ದರೋ! ಅಧ್ಯಕ್ಷರು ಗಂಟೆ ಬಾರಿಸಿದರು. ನಾನು ಪೋಡಿಯಂ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ.

ಮೇಡಂ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು. ನಗು ನಿಲ್ಲುವ ತನಕ ಕಾದರು. "ಗೊತ್ತಿಲ್ಲ," ಎಂದರು. "ಅಳೆದಿರಲಿಲ್ಲ. ಅಳೆಯಬೇಕಾಗಿದ್ದದ್ದು ನಾನು. ಕೋಣೆ ಹಂಚಿದವಳೂ ನಾನೇ. ಈ ಹುಡುಗಿ ನಿನ್ನೆ ಸಂಜೆಯೇ ಹಿಂದೆ ಸರಿಯಬಹುದಿತ್ತು, ಸರಿಯಲಿಲ್ಲ. ಅದೇ ಎರಡು ಕೋಣೆಗಳಲ್ಲಿ ಮಾಡಿದ ನನ್ನದೊಂದು ಪ್ರಕಟಿತ ಲೇಖನವೂ ಇದೆ. ಅದನ್ನೂ ಹಿಂದಕ್ಕೆ ಪಡೆಯುತ್ತೇನೆ." ಆಮೇಲೆ ಅವನತ್ತ ತಿರುಗಿ, "ಒಳ್ಳೆಯ ಪ್ರಶ್ನೆ," ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅವನು ಥಟ್ಟನೆ ಕೂತುಬಿಟ್ಟ.

ಲೇಖನದ ಮಾತನ್ನು ಅವರು ನನಗೂ ಹೇಳಿರಲಿಲ್ಲ.

ಟೀ ವೇಳೆಯಲ್ಲಿ ನಮ್ಮ ಹತ್ತಿರ ಯಾರೂ ಬರಲಿಲ್ಲ. ಹೊರದೇಶದ ಪ್ರೊಫೆಸರ್ ದೂರದಿಂದ ತಲೆ ಬಾಗಿಸಿ ಹೊರಟುಹೋದರು. ಆ ಕೆಲಸದ ಮಾತು ಮತ್ತೆ ಬರಲಿಲ್ಲ. ಮೇಡಂ ಕೈಯಲ್ಲಿದ್ದ ಟೀ ಹಾಗೇ ಆರುತ್ತಿತ್ತು. ನಾನು ಕಪ್ಪು ತೆಗೆದುಕೊಂಡು ಕೆಳಗಿಟ್ಟೆ. ಅವರ ಅಂಗೈ ಪೂರ್ತಿ ಒದ್ದೆಯಾಗಿತ್ತು.

"ಭಯ ಆಯ್ತಾ ಮೇಡಂ?"

"ಆಗದೆ? ನಿಂತ್ಕೊಳ್ಳೋಕೆ ಆಗುತ್ತೋ ಇಲ್ವೋ ಅಂದ್ಕೊಂಡೆ," ಅಂದರು. ಆಮೇಲೆ, "ಆ ಹುಡುಗನನ್ನ ಅವತ್ತು ನಾನು ಹಾಗೆ ನಿಲ್ಲಿಸಬಾರದಿತ್ತು. ಪ್ರಶ್ನೆ ಸರಿ ಇತ್ತು. ಕಾದದ್ದು ಜಾಸ್ತಿಯಾಯ್ತು," ಅಂದರು.

ಪ್ರಯೋಗವನ್ನು ಮೊದಲಿನಿಂದ ಒಂದೇ ಕೋಣೆಯಲ್ಲಿ ಮಾಡಿದೆವು. ಮೇಡಂ ಅಷ್ಟರಲ್ಲಿ ನಿವೃತ್ತರಾಗಿದ್ದರು. ಆದರೂ ನನ್ನ ಪ್ರತಿ ರೆಕಾರ್ಡಿಂಗಿಗೂ ಬಸ್ಸಿನಲ್ಲಿ ಬಂದು, ಮಹಡಿ ಹತ್ತಿ, ಮೂಲೆಯ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಬೇಡ ಅಂದರೆ, "ನಂಗೆ ಮನೇಲೇನ್ ಕೆಲಸ?" ಅನ್ನುತ್ತಿದ್ದರು. ಭಯವನ್ನು ಬರೆಯುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ನನ್ನ ಪ್ರಬಂಧದಲ್ಲಿ ಇರುವುದು ಅದೇ. ಹಾಳಾದ ಪ್ರಯೋಗವೇ ಮೊದಲ ಅಧ್ಯಾಯವಾಗಬೇಕು ಅಂದವರು ಅವರು.

ಮೌಖಿಕ ಪರೀಕ್ಷೆಗೆ, ಅಂದರೆ ವೈವಾಗೆ, ಕೆಲವು ದಿನ ಇರುವಾಗ ಅವರು ಹೋಗಿಬಿಟ್ಟರು. ಬೆಳಿಗ್ಗೆ ಪೂಜೆ ಮುಗಿಸಿ ಎದ್ದವರು ಅಲ್ಲೇ ಕುಸಿದರಂತೆ. ವೈವಾದಲ್ಲಿ ಗೈಡ್ ಕುರ್ಚಿಯಲ್ಲಿ ವಿಭಾಗದ ಇನ್ನೊಬ್ಬರು ಕೂತಿದ್ದರು. ಪರೀಕ್ಷಕರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಆಗಾಗ ಕಣ್ಣು ಎರಡನೇ ಸಾಲಿಗೆ ಹೋಗುತ್ತಿತ್ತು.

ಮುಗಿದ ಮೇಲೆ ಮನೆಗೆ ಹೋಗದೆ ನೇರ ಜಯನಗರಕ್ಕೆ ಹೋದೆ. ಅಕ್ಕ ಬಾಗಿಲು ತೆರೆದರು.

"ಆಯ್ತು ಅಕ್ಕ. ಕೊಟ್ರು," ಅಂದೆ.

"ಆಂ?"

"ಡಾಕ್ಟರೇಟ್ ಕೊಟ್ರು ಅಕ್ಕ!" ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅವರು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡರು. "ಪರೀಕ್ಷೆ ಮುಗ್ಸಿ ನೀನು ಇಲ್ಲಿಗೇ ಬರ್ತೀಯ ಅಂತ ಅವಳು ಮೊದಲೇ ಹೇಳಿದ್ಲು. ಊಟ ಹಾಕದೆ ಕಳಿಸ್ಬೇಡ ಅಂದಿದ್ಲು. ಕೂತ್ಕೋ, ರೊಟ್ಟಿ ತಟ್ತೀನಿ."

ಕೈ ತೊಳೆದು ಕೂತೆ. ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ನಾನು ಅಳುವುದು ಅಕ್ಕನಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ, ಅಂದು ಜೋರಾಗಿಯೇ ಅತ್ತೆ.